ಮಗಳಿಗೊಂದು ಪತ್ರ: ಏಳನೆಯ ನೋಟ್‌ಬುಕ್

ಕೊತ್ರೂಡ್, ಪುಣೆ

ಪ್ರೀತಿಯ ಪುಟ್ಟಿ,

ನಿನ್ನನ್ನು ಬೆಳಿಗ್ಗೆ ಮುಂಬೈಯ ಡೆಕ್ಕನ್ ಕ್ವೀನ್ ರೈಲು ಹತ್ತಿಸಿ ಮನೆಗೆ ಮರಳಿದಾಗ, ಅಟ್ಟದಿಂದ ನೀನು ಇಳಿಸಿದ್ದ ರಟ್ಟಿನ ಪೆಟ್ಟಿಗೆ ಇನ್ನೂ ನಡುಮನೆಯಲ್ಲೇ ಇತ್ತು. "ಅಮ್ಮಾ, ಈ ಹದಿನೇಳು ನೋಟ್‌ಬುಕ್‌ಗಳನ್ನು ರದ್ದಿಯವನಿಗೆ ಕೊಟ್ಟುಬಿಡಲೇ?" ಎಂದು ನೀನು ನಿನ್ನೆ ಕೇಳಿದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆ ಕ್ಷಣಕ್ಕೆ ಉತ್ತರ ಬಾಯಿಗೆ ಬರಲಿಲ್ಲ, ಅಷ್ಟೇ.

ಲ್ಯಾಬಿನ ಅಧಿಕೃತ ದಾಖಲೆಗಳು ಲ್ಯಾಬಿನಲ್ಲೇ ಉಳಿದಿವೆ. ಇವು ನಾನು ರಾತ್ರಿ ಮನೆಗೆ ಬಂದು ನನಗಾಗಿ ಬರೆದುಕೊಂಡವು. ನೀನು ಶಾಲೆಯಿಂದ ಬಂದು ಪಕ್ಕದ ಮನೆಯವರ ಸೋಫಾದ ಮೇಲೆ ನಿದ್ದೆ ಹೋಗುತ್ತಿದ್ದೆಯಲ್ಲ, ಆ ಸಂಜೆಗಳು ಎಲ್ಲಿಗೆ ಹೋದವು ಎಂಬುದರ ಲೆಕ್ಕ ಇವುಗಳಲ್ಲಿದೆ. ಆ ಲೆಕ್ಕವನ್ನು ನಿನಗೆ ನಾನು ಯಾವತ್ತೂ ಒಪ್ಪಿಸಲಿಲ್ಲ. ಈಗ ಒಪ್ಪಿಸುತ್ತೇನೆ.

ನನ್ನ ಕೆಲಸದ ಹೆಸರು ಅಸಮ್ಮಿತ ಸಂಶ್ಲೇಷಣೆ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡು, ಬೆರಳಿಗೆ ಬೆರಳು ಹೊಂದುತ್ತದೆ. ಈಗ ಎಡಗೈಯನ್ನು ಕವುಚಿ, ಅದರ ಮೇಲೆ ಬಲಗೈಯನ್ನೂ ಕವುಚಿ ಇಡು. ಹೆಬ್ಬೆರಳುಗಳು ಆಚೆಗೊಂದು ಈಚೆಗೊಂದು ಆಗುತ್ತವೆ. ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡರೆ ಆ ಅಣುವಿಗೂ ಹೀಗೆಯೇ ಒಂದು ಎಡಗೈ, ಒಂದು ಬಲಗೈ ರೂಪ ಬರುತ್ತದೆ. ತೂಕ ಒಂದೇ, ಕುದಿಯುವ ಬಿಂದು ಒಂದೇ, ಕಣ್ಣಿಗೆ ಎರಡೂ ಒಂದೇ. ಆದರೆ ನಮ್ಮ ದೇಹ ಅವೆರಡನ್ನೂ ಒಂದೇ ಎಂದು ತಿಳಿಯುವುದಿಲ್ಲ.

ನಿನಗೆ ನೆನಪಿರಬೇಕು. ಐದನೆಯ ತರಗತಿಯಲ್ಲಿದ್ದಾಗ ನಿನ್ನ ಕಣ್ಣು ಮುಚ್ಚಿಸಿ ಎರಡು ಪುಟ್ಟ ಶೀಷೆಗಳನ್ನು ಮೂಗಿನ ಬಳಿ ಹಿಡಿದಿದ್ದೆ. ಮೊದಲನೆಯದಕ್ಕೆ "ಪುದೀನ ಚೂಯಿಂಗ್ ಗಮ್" ಎಂದೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಯೋಚಿಸಿ "ತಮ್ಮನ ಗ್ರೈಪ್ ವಾಟರ್" ಎಂದೆ. ಎರಡರಲ್ಲೂ ಇದ್ದದ್ದು ಕಾರ್ವೋನ್. ಸ್ಪಿಯರ್‌ಮಿಂಟ್ ಪುದೀನದಲ್ಲಿ ಅದರ ಒಂದು ಕೈ ಇದೆ, ಸಬ್ಬಸಿಗೆಯ ಬೀಜದಲ್ಲಿ ಇನ್ನೊಂದು ಕೈ. ಗ್ರೈಪ್ ವಾಟರ್‌ಗೆ ಹಾಕುವುದು ಸಬ್ಬಸಿಗೆ ಬೀಜದ ಎಣ್ಣೆಯನ್ನೇ. ಯಾವ ಉಪಕರಣವೂ ಇಲ್ಲದೆ, ಹತ್ತು ವರ್ಷದ ನಿನ್ನ ಮೂಗು ಅವೆರಡನ್ನೂ ಬೇರೆ ಮಾಡಿತ್ತು. ಅಂದು ರಾತ್ರಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಹದಿಮೂರನೆಯದರಲ್ಲಿದೆ, ನೋಡು.

ಪ್ರಕೃತಿ ಬೇಕಾದ ಕೈಯನ್ನಷ್ಟೇ ಮಾಡಬಲ್ಲದು. ನಾವು ಫ್ಲಾಸ್ಕಿನಲ್ಲಿ ಮಾಡಲು ಹೊರಟರೆ ಸಾಮಾನ್ಯವಾಗಿ ಅರ್ಧ ಎಡ, ಅರ್ಧ ಬಲ ಬರುತ್ತದೆ. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಅಂಥದ್ದೊಂದು ಮಿಶ್ರಣದ ಲವಣವನ್ನು ಹರಳುಗಟ್ಟಿಸಿ, ಎಡ ಹರಳು ಬಲ ಹರಳುಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕಿ ಬೇರೆ ಮಾಡಿದ. ಆಗ ಅವನಿಗೆ 25 ವರ್ಷ. ಆ ಲವಣ ಸುಮಾರು 27 ಡಿಗ್ರಿಗಿಂತ ಕೆಳಗಷ್ಟೇ ಹಾಗೆ ಬೇರೆ ಬೇರೆ ಹರಳುಗಳಾಗಿ ಕೂರುತ್ತದೆ. ಪುಣೆಯ ಮೇ ತಿಂಗಳಲ್ಲಿ ಅವನು ಆ ಪ್ರಯೋಗ ಮಾಡಿದ್ದರೆ ಏನೂ ಕಾಣುತ್ತಿರಲಿಲ್ಲ. ಅದೇ ಟಾರ್ಟಾರಿಕ್ ಆಮ್ಲ ನಮ್ಮ ಹುಣಸೆಹಣ್ಣಿನ ಹುಳಿಯ ಮುಖ್ಯ ಭಾಗ. ಹುಣಸೆ ಮರ ಅದರ ಒಂದೇ ಕೈಯನ್ನು ತಪ್ಪದೆ ಮಾಡುತ್ತದೆ. ಈ ಹುಣಸೆಯನ್ನು ಮರೆಯಬೇಡ, ಮುಂದೆ ಮತ್ತೆ ಬರುತ್ತದೆ.

ಎಡವೋ ಬಲವೋ, ಅಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ನೀನು ಒಮ್ಮೆ ಕೇಳಿದ್ದೆ. ಎಲ್ಲರೂ ಥಾಲಿಡೋಮೈಡ್ ಕಥೆಯನ್ನು ಹೇಳುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ, ಗರ್ಭಿಣಿಯರೂ ನುಂಗಿದ ಆ ಔಷಧವನ್ನು 1961ರಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಹುಟ್ಟಿನಿಂದಲೇ ಅಂಗವೈಕಲ್ಯ ಬಂದಿತ್ತು. ಆದರೆ ಅದರ ಒಂದು ಕೈ ಮಾತ್ರ ಕೆಟ್ಟದ್ದು, ಒಳ್ಳೆಯ ಕೈಯನ್ನಷ್ಟೇ ಕೊಟ್ಟಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು ಎಂಬ ಮಾತು ಸರಿಯಲ್ಲ. ದೇಹದೊಳಗೆ ಆ ಅಣು ಒಂದು ಕೈಯಿಂದ ಇನ್ನೊಂದಕ್ಕೆ ತಾನಾಗಿಯೇ ಬದಲಾಗುತ್ತದೆ. ಅಷ್ಟು ದೊಡ್ಡ ನೋವನ್ನು ನಮ್ಮ ಶಾಸ್ತ್ರದ ಜಾಹೀರಾತಿಗೆ ಬಳಸುವುದು ನನಗೆ ಸೇರುವುದಿಲ್ಲ. ಹಾಗಾಗಿ ನಿನಗೆ ಅಜ್ಜನ ಕಥೆಯನ್ನೇ ಹೇಳುತ್ತೇನೆ.

ಪಾರ್ಕಿನ್ಸನ್ ಶುರುವಾದ ಮೇಲೆ ಧಾರವಾಡದ ಮನೆಯಲ್ಲಿ ಅಜ್ಜ ಹಿತ್ತಾಳೆ ಲೋಟವನ್ನು ಎತ್ತಿದರೆ ಅದು ತಟ್ಟೆಗೆ ಬಡಿದು ಟಣಟಣ ಎನ್ನುತ್ತಿತ್ತು. ಆ ಸದ್ದು ಕೇಳಿಸಿದರೆ ಅಜ್ಜಿ ಅಡುಗೆಮನೆಯಿಂದ ಎದ್ದು ಬರುತ್ತಿದ್ದರು. ಗುಳಿಗೆ ನುಂಗಿ ಮುಕ್ಕಾಲು ಗಂಟೆ ಕಳೆದರೆ ಸದ್ದು ನಿಲ್ಲುತ್ತಿತ್ತು. ಅಜ್ಜ ಪೇಪರ್ ಬಿಡಿಸಿ ಓದಲು ಕೂರುತ್ತಿದ್ದರು. ಆ ಗುಳಿಗೆಯಲ್ಲಿದ್ದದ್ದು ಲೆವೊಡೋಪಾ, ಎಡಗೈಯ ಡೋಪಾ. ನಮ್ಮ ಬೇಲಿಯಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಅದು ಇದೆ. ಕಾರ್ಖಾನೆಯಲ್ಲಿ ಅದರ ಬೇಕಾದ ಕೈಯನ್ನೇ ಮಾಡುವ ದಾರಿಯನ್ನು ಅಮೆರಿಕದ ಮೊನ್ಸಾಂಟೊ ಕಂಪನಿಯಲ್ಲಿದ್ದ ವಿಲಿಯಂ ನೋಲ್ಸ್ ಕಂಡುಹಿಡಿದರು. 1968ರಲ್ಲಿ ಅವರು ರೋಡಿಯಂ ಲೋಹದ ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಮೊದಲ ಫಲಿತಾಂಶವನ್ನು ಪ್ರಕಟಿಸಿದಾಗ ಒಂದು ಕೈ ಇನ್ನೊಂದಕ್ಕಿಂತ ಹೆಚ್ಚಿದ್ದದ್ದು ಶೇಕಡ 15 ಮಾತ್ರ. ಔಷಧಕ್ಕೆ ಅದು ಯಾವ ಮೂಲೆಗೂ ಸಾಲದು. ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿ, ರೋಡಿಯಂಗೆ ಅಂಟಿಸುವ ರಂಜಕದ ಸಂಯುಕ್ತಗಳನ್ನು ಬದಲಿಸುತ್ತ ಬದಲಿಸುತ್ತ ಶೇಕಡ 95ರವರೆಗೆ ತಂದರು. ನೊಬೆಲ್ ಬಂದದ್ದು 2001ರಲ್ಲಿ, ನೊಯೋರಿ ಮತ್ತು ಶಾರ್ಪ್‌ಲೆಸ್ ಜೊತೆಗೆ. ನೋಲ್ಸ್ ಅವರಿಗೆ ಆಗ 84 ವರ್ಷ. ಅಜ್ಜನ ಲೋಟದ ಸದ್ದು ನಿಂತಾಗಲೆಲ್ಲ ನನಗೆ ಆ 15 ನೆನಪಾಗುತ್ತಿತ್ತು.

ಈಗ ನನ್ನ ವಿಷಯ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ರಾತ್ರಿ ಬಸ್ಸಿನಲ್ಲಿ ಪುಣೆಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಸಬ್ಬಸಿಗೆಗೆ ಇಲ್ಲಿ ಶೇಪು ಎನ್ನುತ್ತಾರೆ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು. 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇರುವ ಊರು ಎಂಬ ಒಂದೇ ಕಾರಣಕ್ಕೆ ನಾನು ಈ ಊರನ್ನು ಆರಿಸಿಕೊಂಡಿದ್ದೆ. ರಸಾಯನಶಾಸ್ತ್ರದ ಮಾತನ್ನು ಚಹಾದಂಗಡಿಯಲ್ಲೂ ಆಡುವ ಜನ ಸಿಕ್ಕರು. ಅಷ್ಟು ಸಾಕಾಗಿತ್ತು.

ಪಿಎಚ್‌.ಡಿ.ಯ ಮೂರನೆಯ ವರ್ಷ, 1993. ಶಾರ್ಪ್‌ಲೆಸ್ ಮತ್ತು ಕಾತ್ಸುಕಿ 1980ರಲ್ಲಿ ಕಂಡುಹಿಡಿದ ಕ್ರಿಯೆ ನನ್ನ ಕೈಗೆ ಬಂದಿತ್ತು. ಜೆರಾನಿಯಾಲ್ ಎಂಬ, ಗುಲಾಬಿಯ ವಾಸನೆಯ ಆಲ್ಕೋಹಾಲ್‌ಗೆ ಒಂದೇ ಬದಿಯಿಂದ ಆಮ್ಲಜನಕವನ್ನು ಸೇರಿಸಬೇಕು. ಆಮ್ಲಜನಕ ಪೆರಾಕ್ಸೈಡ್‌ನಿಂದ ಬರುತ್ತದೆ. ಟೈಟೇನಿಯಂ ಲೋಹ ಎರಡನ್ನೂ ಹತ್ತಿರಕ್ಕೆ ತರುತ್ತದೆ. ಯಾವ ಬದಿಯಿಂದ ಎಂದು ನಿರ್ಧರಿಸುವುದು ಲೋಹವನ್ನು ಅಪ್ಪಿಕೊಂಡ ಟಾರ್ಟ್ರೇಟ್, ಅಂದರೆ ನಾನು ಮರೆಯಬೇಡ ಎಂದ ಹುಣಸೆಯ ಹುಳಿಯಿಂದ ಮಾಡಿಕೊಂಡದ್ದು. ಅದು ಒಂದು ಬದಿಗೆ ಗೋಡೆಯಂತೆ ನಿಲ್ಲುತ್ತದೆ. ಗಣೇಶ ಚೌತಿಯಲ್ಲಿ ಒಂದೇ ಅಚ್ಚಿನಿಂದ ನೂರು ಮೋದಕ ತೆಗೆಯುತ್ತೇವಲ್ಲ, ಹಾಗೆ ಇಲ್ಲಿ ನೂರು ಭಾಗ ಜೆರಾನಿಯಾಲ್‌ಗೆ ಐದೋ ಹತ್ತೋ ಭಾಗ ಟೈಟೇನಿಯಂ ಸಾಕು. ಎಡ ಬಲದ ಎರಡು ದಾರಿಗಳ ನಡುವೆ ಇರುವ ಶಕ್ತಿಯ ವ್ಯತ್ಯಾಸ ಒಂದೂವರೆ ಕಿಲೊಕ್ಯಾಲೊರಿಯ ಆಸುಪಾಸು. ಎರಡು ಇಂಗಾಲಗಳ ನಡುವಿನ ಒಂದು ಬಂಧವನ್ನು ಮುರಿಯಲು ಎಂಬತ್ತಕ್ಕೂ ಹೆಚ್ಚು ಬೇಕು. ಅಷ್ಟು ಸಣ್ಣ ಓರೆಯ ಮೇಲೆ ಇಡೀ ಕ್ರಿಯೆ ನಿಂತಿರುತ್ತದೆ.

ಮೇ ತಿಂಗಳಲ್ಲಿ ನನಗೆ 92 ಬಂತು, ಬೇಕಾದ ಕೈ ಬೇಡದ ಕೈಗಿಂತ ಶೇಕಡ 92 ಹೆಚ್ಚು. ಅಂದರೆ ನೂರರಲ್ಲಿ 96 ಅಣು ಬೇಕಾದ ಕೈ, 4 ಬೇಡದ ಕೈ. ಅಣುಗಳನ್ನು ಗುರುತಿಸುವ ಎನ್‌ಎಂಆರ್ ಯಂತ್ರದ ಕಾಗದದ ಮೇಲೆ ಎತ್ತರದ ಒಂದು ಶಿಖರ, ಪಕ್ಕದಲ್ಲಿ ಕಂಡೂ ಕಾಣದ ಒಂದು ಗುಡ್ಡ. ಮನಸ್ಸು ತಡೆಯದೆ ಕಾಗದವನ್ನು ನಕಲು ಮಾಡಿಸಿ, ಎರಡೂ ಶಿಖರಗಳನ್ನು ಕತ್ತರಿಸಿ ತಕ್ಕಡಿಯಲ್ಲಿ ತೂಗಿದೆ. ಹಿಂದಿನವರು ಹಾಗೆಯೇ ಅಳೆಯುತ್ತಿದ್ದರು. ಆ ಎರಡು ಕಾಗದದ ಚೂರುಗಳು ಏಳನೆಯ ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟಂತೆಯೇ ಇವೆ.

ಜುಲೈನಲ್ಲಿ ಮತ್ತೆ ಮಾಡಿದೆ. 60 ಬಂತು. ನೂರರಲ್ಲಿ ಇಪ್ಪತ್ತು ಬೇಡದ ಕೈ. ಇನ್ನೊಮ್ಮೆ ಮಾಡಿದೆ, 58. ಹನ್ನೊಂದು ದಿನ ನಾನು ಗೈಡ್‌ಗೆ ಹೇಳಲಿಲ್ಲ. 92ರ ಕಾಗದ ಕೈಯಲ್ಲಿತ್ತು, ಅದನ್ನೇ ಬರೆದು ಕಳಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಆ ಯೋಚನೆ ನನ್ನ ತಲೆಗೆ ಬಂದಿತ್ತು ಎಂಬುದನ್ನು ನಿನಗೆ ಹೇಳಬೇಕು ಎಂದೇ ಈ ಪತ್ರ ಇಷ್ಟು ಉದ್ದವಾಯಿತು. ಹನ್ನೆರಡನೆಯ ದಿನ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಿಟಕಿಯ ಕಡೆ ಕೈ ತೋರಿಸಿ, "ಮೇ ತಿಂಗಳಿಗೂ ಇಂದಿಗೂ ಆಚೆ ಏನು ಬದಲಾಗಿದೆ?" ಎಂದು ಮಾತ್ರ ಕೇಳಿದರು. ಆಚೆ ಜಡಿಮಳೆ ಹಿಡಿದಿತ್ತು.

ಫ್ಲಾಸ್ಕಿನಲ್ಲಿ ನೀರಿನಂಶ ಉಳಿಯದಿರಲು ಮಾಲಿಕ್ಯುಲರ್ ಸೀವ್ ಎಂಬ, ಸಾಬಕ್ಕಿಯಂಥ ಬಿಳಿ ಗುಂಡುಗಳನ್ನು ಹಾಕುತ್ತೇವೆ. ಮೇ ತಿಂಗಳಲ್ಲಿ ಅವನ್ನು ನಾನೇ ಕಾಯಿಸಿ ಒಣಗಿಸಿದ್ದೆ. ಜುಲೈನಲ್ಲಿ ಅದೇ ಬಾಟಲಿಯಿಂದ ಹಾಗೆಯೇ ಸುರಿದುಕೊಂಡಿದ್ದೆ. ಎರಡು ತಿಂಗಳಲ್ಲಿ ಅವು ಪುಣೆಯ ಮಳೆಗಾಲವನ್ನೇ ಕುಡಿದು ಕುಳಿತಿದ್ದವು. ನೀರು ಟೈಟೇನಿಯಂ ಅನ್ನು ಹಿಡಿದುಕೊಂಡಿತು, ಟಾರ್ಟ್ರೇಟ್‌ನ ಅಪ್ಪುಗೆ ಸಡಿಲವಾಯಿತು, ಗೋಡೆ ಬಿತ್ತು. ತಪ್ಪು ನನ್ನದೇ. ಗುಂಡುಗಳನ್ನು ನಿರ್ವಾತದಲ್ಲಿ 200 ಡಿಗ್ರಿಗೆ ರಾತ್ರಿಯಿಡೀ ಕಾಯಿಸಿದೆ. ಮರುದಿನ ಮೈನಸ್ 20 ಡಿಗ್ರಿಯಲ್ಲಿ ಹನಿ ಹನಿಯಾಗಿ ಪೆರಾಕ್ಸೈಡ್ ಬಿಡುತ್ತ ನಿಂತೆ. 91 ಬಂತು. ಮತ್ತೆ 92. ಮತ್ತೆ 92. ಮೂರನೆಯ ಕಾಗದ ಹೊರಬಂದಾಗ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಕೈಗವಸು ತೆಗೆದು, ಸ್ಟೂಲಿನ ಮೇಲೆ ಕುಳಿತು ಅತ್ತೆ.

ನೀನು ಹುಟ್ಟಿ ಎರಡು ವರ್ಷವಾಗಿತ್ತು, 2000. ಪ್ರೋಲಿನ್ ಎಂಬ ಸಾದಾ ಅಮೈನೊ ಆಮ್ಲವೇ ವೇಗವರ್ಧಕವಾಗಬಲ್ಲದು, ಲೋಹ ಬೇಡ, ತೇವಕ್ಕೆ ಅಷ್ಟು ಹೆದರಬೇಕಿಲ್ಲ ಎಂದು ಬೆಂಜಮಿನ್ ಲಿಸ್ಟ್ ಮತ್ತು ಸಂಗಡಿಗರು ತೋರಿಸಿದ ಪ್ರಬಂಧವನ್ನು ಗ್ರಂಥಾಲಯದಲ್ಲಿ ನಿಂತುಕೊಂಡೇ ಓದಿದೆ. ಪ್ರೋಲಿನ್ ನಮ್ಮ ಕಪಾಟಿನಲ್ಲೇ ಇತ್ತು. 1970ರ ದಶಕದ ಆರಂಭದಲ್ಲೇ ಕೆಲವರು ಅದನ್ನು ಒಂದು ಕ್ರಿಯೆಗೆ ಬಳಸಿದ್ದರು, ಅದರಾಚೆಗೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹೊಟ್ಟೆಕಿಚ್ಚು ಆಗಲಿಲ್ಲ ಪುಟ್ಟಿ, ನಿಜ. ಅಂದಿನಿಂದ ಹತ್ತು ವರ್ಷ ನಾನು ಅದೇ ದಾರಿಯಲ್ಲಿ ನಡೆದೆ. ಎಂಟನೆಯದರಿಂದ ಹದಿನೈದನೆಯವರೆಗಿನ ನೋಟ್‌ಬುಕ್ಕುಗಳು ಅವು, ನಿನ್ನ ಸಂಜೆಗಳನ್ನು ತಿಂದವು. 2021ರಲ್ಲಿ ಲಿಸ್ಟ್ ಮತ್ತು ಇದೇ ದಾರಿ ಹಿಡಿದಿದ್ದ ಮ್ಯಾಕ್‌ಮಿಲನ್‌ಗೆ ನೊಬೆಲ್ ಬಂದ ದಿನ ನಿನಗೆ ಫೋನ್ ಮಾಡಿ ನಾನು ಅಷ್ಟೊಂದು ಮಾತನಾಡಿದ್ದು ಅದಕ್ಕೇ.

ನನ್ನ ಹೆಸರಿನಲ್ಲಿ ಯಾವ ಕ್ರಿಯೆಯೂ ಇಲ್ಲ. ನಾಲ್ಕಾರು ಅಣುಗಳ ಬೇಕಾದ ಕೈಯನ್ನು ಇನ್ನಷ್ಟು ಸುಲಭವಾಗಿ ಮಾಡುವ ದಾರಿ ತೋರಿಸಿದ್ದೇನೆ, ಒಂಬತ್ತು ವಿದ್ಯಾರ್ಥಿಗಳಿಗೆ ಗುಂಡುಗಳನ್ನು ಒಣಗಿಸಲು ಕಲಿಸಿದ್ದೇನೆ. ಆ ಕೆಲಸ ನನಗೆ ತುಂಬ ಇಷ್ಟವಾಗಿತ್ತು. ನಿನ್ನನ್ನು ಬಿಟ್ಟು ಹೋಗುವಾಗಲೂ ಇಷ್ಟವಾಗಿತ್ತು. ಎರಡೂ ನಿಜ.

ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸುವುದಿಲ್ಲ. ಹದಿಮೂರನೆಯದನ್ನು ನಿನಗಾಗಿ ತೆಗೆದಿಟ್ಟಿದ್ದೇನೆ, ಏಳನೆಯದು ನನ್ನ ಬಳಿ ಇರಲಿ. ಉಳಿದ ಹದಿನೈದನ್ನು ನೀನು ಬಂದ ಮೇಲೆ ಇಬ್ಬರೂ ಕುಳಿತು ಒಮ್ಮೆ ತಿರುವಿಹಾಕೋಣ, ರದ್ದಿಯವನನ್ನು ಆಮೇಲೆ ಕರೆದರಾಯಿತು. ಬರುವಾಗ ಮಾಟುಂಗಾ ಮಾರ್ಕೆಟ್‌ನಿಂದ ಅರ್ಧ ಕಿಲೊ ಹಳೆ ಹುಣಸೆಹಣ್ಣು ತಾ. ಮನೆಯಲ್ಲಿದ್ದದ್ದು ನಿನ್ನೆಯ ಸಾರಿಗೆ ಮುಗಿಯಿತು.

ಇಂತಿ,
ನಿನ್ನ ಅಮ್ಮ