ಮಂಚದ ಅಡಿಯ ಹಂಚು

ಮಾರಾಯ,

ಹೇಗಿದ್ದಿ? ಇಲ್ಲಿ ಸೆಖೆ ಶುರುವಾಯಿತು. ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ಬೈಯಬೇಡ. ಫೋನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತಿ.

ಮೊನ್ನೆ ಭಾನುವಾರ ಸುಮ್ನೆ ಮಂಗಳೂರಿನ ಬಂದರಿನಿಂದ ದೋಣಿ ಹತ್ತಿ ಆಚೆ ದಡದ ಬೆಂಗ್ರೆಗೆ ಹೋದೆ. ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ, ಅಂದರೆ ಸರಕಿನ ಹಡಗಿಗೆ, ನೀರುಳ್ಳಿ ಮೂಟೆ ತುಂಬುತ್ತಿದ್ದರು. ಎಡಕ್ಕೆ ಅಳಿವೆ ಬಾಗಿಲು. ನೇತ್ರಾವತಿ, ಫಲ್ಗುಣಿ ಎರಡೂ ಅಲ್ಲೇ ಕೂಡಿ ಕಡಲಿಗೆ ಬೀಳುತ್ತವೆ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ ಅನ್ನುವ ಹೆಸರೇ ಹಾಗೆ ಬಂದದ್ದು ಅನ್ನುತ್ತಾರಲ್ಲ.

ಆ ಮಂಜಿ ನೋಡಿ ಮಾಡಿನ ಹಂಚು ನೆನಪಾಯಿತು. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದನ್ನು ನಾವು ಬಾಯಿಪಾಠ ಮಾಡಿದ್ದೆವು. ನದಿ ದಡದಲ್ಲೇ ಯಾಕೆ ಅಂತ ಇಬ್ಬರೂ ಕೇಳಲಿಲ್ಲ. ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ, ಅಲ್ಲಿಂದ ಮುಂಬಯಿಗೆ. ಊರೂರಿನ ಮಾಡಿನ ಮೇಲೆ ನಮ್ಮ ಹೊಳೆಬದಿಯ ಮಣ್ಣು!

ಹಂಚು ಅಂದರೆ ನನಗೆ ಅಮ್ಮ. 11 ವರ್ಷ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಸವರಿದವಳು. ನಮ್ಮ ಮನೆಯ ಹಂಚೂ ಅಲ್ಲಿಯದೇ. ನಿನಗೆ ಇದನ್ನು ಹೇಳಿರಲಿಲ್ಲ. ತಾರಸಿ ಹಾಕಿಸುವಾಗ ಆ ಹಂಚನ್ನೆಲ್ಲ ಮಾರಿದವನು ನಾನು. ಅಮ್ಮ ಅಂಗಳದಲ್ಲಿ ಕೂತು ಒಂದೊಂದೇ ಮಗುಚಿ ನೋಡುತ್ತಿದ್ದಳು. "ಎಂತ ಅಮ್ಮ, ಲಾರಿ ಕಾಯ್ತಾ ಉಂಟು" ಅಂತ ಗದರಿದೆ. ಅವಳು ಒಂದನ್ನು ಸೆರಗಲ್ಲಿ ಒರೆಸಿ ಒಳಗೆ ಒಯ್ದಳು. ಮಾತಾಡಲಿಲ್ಲ.

ಅವಳು ಹೋದ ಮೇಲೆ ಅದು ಮಂಚದ ಅಡಿಯಲ್ಲಿ ಸಿಕ್ಕಿತು. ಹಾಗೇ ಬಿಟ್ಟಿದ್ದೆ. ಬೆಂಗ್ರೆಯಿಂದ ಬಂದ ರಾತ್ರಿ ಎಳೆದು, ಟಾರ್ಚ್ ಹಿಡಿದು ನೋಡಿದೆ. ಹಿಂಬದಿಯ ಮೂಲೆಯಲ್ಲಿ ಒಂದು ಹೆಬ್ಬೆರಳಿನ ಗುರುತು. ಬೆರಳಿನ ಗೆರೆಗಳೂ ಕಾಣುತ್ತವೆ. ತುಂಬ ಚಿಕ್ಕದು. ಸುಟ್ಟಾಗ ಮಣ್ಣು ಕುಗ್ಗುತ್ತದೆ, ಗುರುತೂ ಕುಗ್ಗಿರಬೇಕು. ಅವಳದ್ದೋ, ಜೊತೆಯವರದ್ದೋ? ಅವಳಿಗೆ ಗೊತ್ತಿತ್ತು. ನಾನು ಕೇಳಲಿಲ್ಲ.

ತಾರಸಿ ಕೆಳಗೆ ನಿದ್ದೆ ಬರುವುದಿಲ್ಲ ಮಾರಾಯ. ಸೆಖೆ ಅಂತ ಎಲ್ಲರಿಗೂ ಹೇಳುತ್ತೇನೆ.

ಇರಲಿ. ಇಷ್ಟು ಬರೆಯುವ ಅಂದಾಜು ಇರಲಿಲ್ಲ. ನೀನು ರಜೆ ಹಾಕಿ ಬಾ. ಗೋಳಿಬಜೆ ನನ್ನ ಲೆಕ್ಕ, ಜಾಸ್ತಿ ಚಟ್ನಿ ನಿನಗೇ. ಬೆಂಗ್ರೆಗೂ ಹೋಗುವ. ಆದರೆ ಈ ಸಲ ದೋಣಿಯಲ್ಲಿ ಕೊಡೆ ನನ್ನ ಕೈಯಲ್ಲೇ ಇರಲಿ, ಗೊತ್ತಾಯ್ತಲ್ವಾ?