ತೆರೆಯ ಮೇಲಿನ ಮಾತಿಗೆ ಕಿವಿಗೊಡು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಈ ಸೆಮಿಸ್ಟರಿನಲ್ಲಿಯೂ ಫ್ರೆಂಚ್ ಕಲಿಕೆಯನ್ನು ಮುಂದುವರಿಸಿರುವುದಾಗಿ ಬರೆದಿದ್ದೀಯೆ, ಓದಿ ಸಂತೋಷವಾಯಿತು. ಮಾರ್ಚ್ ಕೊನೆಯಲ್ಲಿ ಅಮೆರಿಕದ ನಿಮ್ಮ ರಿಚ್ಮಂಡ್ ನಗರದಲ್ಲಿ ನಡೆಯುವ ಫ್ರೆಂಚ್ ಚಿತ್ರೋತ್ಸವಕ್ಕೆ ಹೋಗುವುದೋ, ಆ ದಿನಗಳನ್ನು ವ್ಯಾಕರಣದ ಪರೀಕ್ಷೆಗೆ ಓದಲು ಉಳಿಸಿಕೊಳ್ಳುವುದೋ ಎಂದು ಕೇಳಿದ್ದೀಯೆ. ಖಂಡಿತವಾಗಿ ಹೋಗು. ಹೀಗೆ ಹೇಳಲು ನನಗಿರುವ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬಿಡುವಾದಾಗ ಓದು.

ಪ್ರಾಧ್ಯಾಪಕ ದಂಪತಿ ಪೀಟರ್ ಮತ್ತು ಫ್ರಾಂಸ್ವಾಝ್ ಕರ್ಕ್‌ಪ್ಯಾಟ್ರಿಕ್ ಅವರು 1993ರಲ್ಲಿ ಆರಂಭಿಸಿದ ಉತ್ಸವ ಅದು. ನೀನು ಓದುತ್ತಿರುವ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಆಸರೆಯಲ್ಲಿ ಬೆಳೆದು ಬಂದದ್ದು. ಚಿತ್ರಗಳನ್ನು ತೋರಿಸುವ ಬರ್ಡ್ ಚಿತ್ರಮಂದಿರ 1928ರಲ್ಲಿ ಕಟ್ಟಿದ್ದು. ಮೂಕಿಚಿತ್ರಗಳ ಕಾಲದ ವುರ್ಲಿಟ್ಜರ್ ಆರ್ಗನ್ ವಾದ್ಯ ಇಂದಿಗೂ ಅಲ್ಲಿದೆ. ಅಂಥ ದೊಡ್ಡ ಸಭಾಂಗಣದಲ್ಲಿ ನೂರಾರು ಜನರ ನಡುವೆ ಕುಳಿತು ಚಿತ್ರ ನೋಡುವುದಕ್ಕೂ, ಹಾಸ್ಟೆಲ್ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನೇ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಅಡಿಬರಹವನ್ನು ಓದಿದವರು ನಗುವ ಮೊದಲೇ ಫ್ರೆಂಚ್ ಬಲ್ಲವರು ನಕ್ಕುಬಿಡುತ್ತಾರೆ. ಅವರ ಜೊತೆಯಲ್ಲಿಯೇ ನಿನಗೂ ನಗು ಬಂದ ದಿನ ಭಾಷೆ ನಿನ್ನ ಕಿವಿಗೆ ಇಳಿದಿದೆಯೆಂದು ತಿಳಿದುಕೋ.

ತರಗತಿಯ ಫ್ರೆಂಚ್ ಬೇರೆ, ಬಾಯಿಮಾತಿನ ಫ್ರೆಂಚ್ ಬೇರೆ ಎಂಬುದು ನಿನಗೆ ಈಗಾಗಲೇ ಗೊತ್ತಾಗಿರಬೇಕು. ನಿಷೇಧಾರ್ಥಕ್ಕೆ 'ನ' ಮತ್ತು 'ಪಾ' ಎರಡೂ ಬೇಕೆಂದು ಪುಸ್ತಕ ಹೇಳುತ್ತದೆ; ಮನೆಯಲ್ಲಿ, ಬೀದಿಯಲ್ಲಿ ಮಾತನಾಡುವವರು ಸಾಮಾನ್ಯವಾಗಿ 'ನ'ವನ್ನು ನುಂಗಿ 'ಪಾ' ಒಂದನ್ನೇ ಉಳಿಸುತ್ತಾರೆ. 'ನನಗೆ ಗೊತ್ತಿಲ್ಲ' ಎನ್ನಲು 'ಜ ನ ಸೆ ಪಾ' ಎಂದು ನೀನು ಬಾಯಿಪಾಠ ಮಾಡಿದ್ದು ಅವರ ಬಾಯಲ್ಲಿ 'ಶೆ ಪಾ' ಎಂದಾಗುತ್ತದೆ. ಫ್ರಾಂಸ್ವಾ ತ್ರುಫೋ ಅವರ 1959ರ 'ಲೆ ಕಾತ್ರ್ ಸಾಂ ಕೂ' ಚಿತ್ರವನ್ನು ಎಲ್ಲಿಯಾದರೂ ಹುಡುಕಿ ನೋಡು. ಮನೆ, ಶಾಲೆ ಎರಡಕ್ಕೂ ಬೇಡವಾದ ಅಂತ್ವಾನ್ ಎಂಬ ಹುಡುಗ ಬಾಲಾಪರಾಧಿಗಳ ಕೇಂದ್ರ ಸೇರಿದಾಗ ಮನಶ್ಶಾಸ್ತ್ರಜ್ಞೆಯೊಬ್ಬರು ಅವನನ್ನು ಪ್ರಶ್ನಿಸುವ ದೃಶ್ಯವೊಂದಿದೆ. ಆಕೆಯ ಧ್ವನಿ ಮಾತ್ರ ಕೇಳುತ್ತದೆ, ಮುಖ ಕಾಣುವುದೇ ಇಲ್ಲ. ಕ್ಯಾಮೆರಾ ಮೇಜಿನ ಮುಂದೆ ಕುಳಿತ ಹುಡುಗನ ಮೇಲೆಯೇ ನಿಂತಿರುತ್ತದೆ. ಆ ಪಾತ್ರ ವಹಿಸಿದ ಬಾಲಕ ಝಾಂ-ಪಿಯೇರ್ ಲೆಓಗೆ ಉತ್ತರಗಳನ್ನು ಬರೆದುಕೊಡದೆ, ತೋಚಿದಂತೆ ಹೇಳಲು ನಿರ್ದೇಶಕರು ಬಿಟ್ಟಿದ್ದರು. ಹಾಗಾಗಿ ಅವನು ತಡವರಿಸುತ್ತಾನೆ, ಭುಜ ಕುಣಿಸುತ್ತಾನೆ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದನ್ನು ಹಿಡಿಯುತ್ತಾನೆ, ಮಾತು ಸಾಕಾದಾಗ ಕಣ್ಣು ತಗ್ಗಿಸುತ್ತಾನೆ. ಕೆಲವೇ ನಿಮಿಷಗಳ ಆ ದೃಶ್ಯವನ್ನು ಮೊದಲು ಅಡಿಬರಹದೊಂದಿಗೆ, ಆಮೇಲೆ ಅದನ್ನು ಮುಚ್ಚಿ, ಮತ್ತೆ ಮತ್ತೆ ಕೇಳಿದರೆ ಒಂದು ಪಾಠಪುಸ್ತಕ ಕೊಡಲಾರದ್ದು ನಿನಗೆ ಸಿಗುತ್ತದೆ.

ನಿನ್ನ ಗಮನಕ್ಕೆ ತರಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿರುವ ವಿಷಯ ಇನ್ನೊಂದಿದೆ. ಫ್ರೆಂಚರಿಗೂ ನಮ್ಮ ಹಾಗೆಯೇ ಏಕವಚನ, ಬಹುವಚನದ ಮರ್ಯಾದೆಯುಂಟು. 'ತ್ಯು' ಎಂದರೆ ನೀನು, 'ವೂ' ಎಂದರೆ ನೀವು. ಇಂಗ್ಲಿಷಿನ ಅಡಿಬರಹದಲ್ಲಿ ಎರಡಕ್ಕೂ 'ಯೂ' ಎಂದೇ ಇರುತ್ತದೆ. ಅರ್ಧ ಚಿತ್ರದವರೆಗೆ ಬಹುವಚನದಲ್ಲಿ ಮಾತನಾಡುತ್ತಿದ್ದ ಇಬ್ಬರು ಒಂದು ಗಳಿಗೆಯಲ್ಲಿ ಏಕವಚನಕ್ಕೆ ಇಳಿದರೆ, ಅದು ಒಲವಿರಬಹುದು, ಜಗಳವಿರಬಹುದು, ಅವಮಾನವೂ ಆಗಿರಬಹುದು. ನಿನ್ನ ಪಕ್ಕದಲ್ಲಿ ಕುಳಿತು ಅಡಿಬರಹವನ್ನಷ್ಟೇ ಓದುವ ಗೆಳತಿಗೆ ಅದು ದಾಟಿಹೋಗುತ್ತದೆ. ಕನ್ನಡದ ಮನೆಯಲ್ಲಿ ಬೆಳೆದ ನಿನಗೆ ದಾಟಿಹೋಗಬಾರದು. ಆದರೆ ನಮ್ಮ ಲೆಕ್ಕಾಚಾರವನ್ನು ಹಾಗೆಯೇ ಅಲ್ಲಿಗೆ ಒಯ್ಯಬೇಡ. ನಿನ್ನ ತಂದೆಯನ್ನು ನೀನು 'ನೀವು' ಎನ್ನುತ್ತೀಯೆ, ಅಲ್ಲಿಯ ಮಕ್ಕಳು ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರನ್ನೂ ಏಕವಚನದಲ್ಲಿಯೇ ಕರೆಯುತ್ತಾರೆ. ನಮ್ಮಲ್ಲಿ ತರಕಾರಿ ಮಾರುವ ಹುಡುಗನನ್ನು ಹಿಂದೆಮುಂದೆ ನೋಡದೆ 'ನೀನು' ಎನ್ನುವವರಿದ್ದಾರೆ, ಅಲ್ಲಿ ಅಂಗಡಿಯವನಿಗೆ 'ವೂ' ಎನ್ನಲೇಬೇಕು, ಅದಕ್ಕೂ ಮೊದಲು 'ಬೋಂಝೂರ್' ಎಂದು ನಮಸ್ಕಾರ ಹೇಳಲೇಬೇಕು. ಇದರಲ್ಲಿ ಅವರ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ. ದೇವರನ್ನು ಏಕವಚನದಲ್ಲಿ ಕರೆಯುವುದರಲ್ಲಿ ಮಾತ್ರ ನಮ್ಮ ವಚನಕಾರರಿಗೂ ಅವರ ಇಂದಿನ ಪ್ರಾರ್ಥನೆಗೂ ಭೇದವಿಲ್ಲ. ತೆರೆಯ ಮೇಲೆ ಯಾರು ಯಾರಿಗೆ ಏನೆಂದರು, ಯಾವಾಗ ಬದಲಾಯಿಸಿದರು ಎಂಬುದನ್ನಷ್ಟೇ ಹಿಂಬಾಲಿಸಿದರೂ ಆ ಸಮಾಜದ ಒಳಗಿನ ಕಟ್ಟುಪಾಡು ನಿನಗೆ ತಿಳಿಯತೊಡಗುತ್ತದೆ.

ಫ್ರೆಂಚ್ ಎಂದರೆ ಪ್ಯಾರಿಸ್ಸಿನ ಕಾಫಿ ಅಂಗಡಿಗಳೆಂದು ತಿಳಿಯದಿರು. ಅಬ್ದೆಲ್ಲತೀಫ್ ಕೆಶಿಶ್ ಅವರ 'ಲೆಸ್ಕೀವ್' ಚಿತ್ರದಲ್ಲಿ ಪ್ಯಾರಿಸ್ ಹೊರವಲಯದ ಬಡ ವಸತಿ ಕಟ್ಟಡಗಳ ಹುಡುಗ ಹುಡುಗಿಯರು ಶಾಲೆಗಾಗಿ 18ನೆಯ ಶತಮಾನದ ನಾಟಕಕಾರ ಮಾರಿವೋ ಅವರ ನಾಟಕವೊಂದನ್ನು ಅಭ್ಯಾಸ ಮಾಡುತ್ತಾರೆ. ಅವರಲ್ಲಿ ಅನೇಕರು ವಲಸೆ ಬಂದ ಕುಟುಂಬಗಳ ಮಕ್ಕಳು. ಒಂದು ಕ್ಷಣ ಬೀದಿಯ ಬಿರುಸು ಮಾತು, ಮರುಕ್ಷಣವೇ ಅದೇ ಬಾಯಲ್ಲಿ ರಾಜರ ಕಾಲದ ನಯವಾದ ಸಂಭಾಷಣೆ. ಎರಡೂ ಫ್ರೆಂಚೇ, ಎರಡೂ ಅವರದೇ. 2005ರಲ್ಲಿ ಅತ್ಯುತ್ತಮ ಚಿತ್ರಕ್ಕಿರುವ, ಫ್ರೆಂಚ್ ಸಿನಿಮಾದ ಸೆಝಾರ್ ಪ್ರಶಸ್ತಿ ಇದಕ್ಕೆ ಬಂತು. ಸೆನೆಗಲ್‌ನ ಉಸ್ಮಾನ್ ಸೆಂಬೇನ್ 1966ರಲ್ಲಿ ತೆಗೆದ 'ಲ ನ್ವಾರ್ ದ' ಚಿತ್ರದ ಡಿಯುವಾನಾ, ಡಕಾರ್‌ನಿಂದ ದಕ್ಷಿಣ ಫ್ರಾನ್ಸಿಗೆ ಮಕ್ಕಳನ್ನು ನೋಡಿಕೊಳ್ಳಲೆಂದು ಬಂದು ಮನೆಗೆಲಸದವಳಾದವಳು. ಯಜಮಾನರ ಮುಂದೆ ಹೆಚ್ಚೇನೂ ಆಡದವಳ ಮನಸ್ಸಿನ ಮಾತನ್ನು ನಾವು ಚಿತ್ರದುದ್ದಕ್ಕೂ ಫ್ರೆಂಚಿನಲ್ಲಿಯೇ ಕೇಳುತ್ತೇವೆ. ವಸಾಹತು ಆಳ್ವಿಕೆ ಒಂದು ಭಾಷೆಯನ್ನು ಹೇಗೆ ಎಲ್ಲೆಲ್ಲಿಗೋ ಒಯ್ದಿತೆಂಬುದು ಅದನ್ನು ನೋಡಿದರೆ ಅರಿವಾಗುತ್ತದೆ. ಫ್ರೆಂಚರ ನೆರಳು ನಮ್ಮ ಕಡೆಗೂ ತಾಕಿದ್ದೇ: ಹೈದರ್, ಟಿಪ್ಪು ಕಾಲದಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದಾಗಿ ನಿನ್ನ ಅಜ್ಜಿಯ ಊರಾದ ಪಾಂಡವಪುರಕ್ಕೆ ಬಹುಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಉತ್ಸವದ ಪಟ್ಟಿಯಲ್ಲಿ ಕ್ವಿಬೆಕ್, ಬೆಲ್ಜಿಯಂ ಅಥವಾ ಆಫ್ರಿಕಾದ ಕಥೆಗಳಿದ್ದರೆ ಅವುಗಳನ್ನು ಬಿಡಬೇಡ.

ಇಷ್ಟು ಬಗೆಯ ಚಿತ್ರಗಳು ಫ್ರಾನ್ಸಿನಲ್ಲಿ ಹುಟ್ಟುವುದಕ್ಕೆ ಒಂದು ವ್ಯವಸ್ಥೆಯೂ ಕಾರಣ. 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಿನಿಮಾ ಕೇಂದ್ರವು ಚಿತ್ರಮಂದಿರಗಳಲ್ಲಿ ಮಾರಾಟವಾಗುವ ಪ್ರತಿಯೊಂದು ಟಿಕೆಟಿನ ಮೇಲೂ ತೆರಿಗೆಯ ಪಾಲೊಂದನ್ನು ಪಡೆದು ಚಿತ್ರ ತಯಾರಿಕೆಯ ನೆರವಿಗೆ ಬಳಸುತ್ತದೆ. ಹಾಲಿವುಡ್ ಚಿತ್ರಕ್ಕೆ ಕೊಂಡ ಟಿಕೆಟೂ ಹೀಗೆ ಹೊಸ ನಿರ್ದೇಶಕಿಯೊಬ್ಬಳ ಮೊದಲ ಚಿತ್ರಕ್ಕೆ ಆಸರೆಯಾಗಬಹುದು. ಸಿನಿಮಾ ತಮ್ಮ ಬದುಕಿನ ಭಾಗವೆಂದು ಒಂದು ದೇಶ ಭಾವಿಸಿದರೆ ಅದಕ್ಕೆ ಹಣದ ದಾರಿಯನ್ನೂ ಮಾಡಿಕೊಡುತ್ತದೆ ಎಂಬುದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನು ಹೋಗುವ ಸಿದ್ಧತೆ. ಆರಿಸಿಕೊಂಡ ಚಿತ್ರದ ಕಥಾಸಾರವನ್ನು ಮೊದಲೇ ಫ್ರೆಂಚಿನಲ್ಲಿ ಓದಿಕೋ; ಕಥೆ ತಿಳಿದಿದ್ದರೆ ಕಿವಿ ಮಾತಿಗೆ ಬಿಡುವಾಗಿರುತ್ತದೆ. ಕತ್ತಲೆಯಲ್ಲಿ ಟಿಪ್ಪಣಿ ಬರೆಯಲು ಹೋಗಬೇಡ, ಕಣ್ಣು ತೆರೆಯಿಂದ ಕದಲುತ್ತದೆ. ಕೋಣೆಗೆ ಮರಳಿದ ಮೇಲೆ, ಮಲಗುವ ಮೊದಲು, ನೆನಪಿನಲ್ಲಿ ಉಳಿದ ಒಂದು ದೃಶ್ಯವನ್ನು ನಿನಗೆ ಬರುವ ಫ್ರೆಂಚಿನಲ್ಲಿಯೇ ಬರೆ. ಊಟದ ಮೇಜಿನಲ್ಲಿ ಯಾರು ಮೊದಲು ಕುಳಿತರು, ಕೆನ್ನೆಗೆ ಕೆನ್ನೆ ತಾಗಿಸಿ ಯಾರನ್ನು ಬರಮಾಡಿಕೊಂಡರು, ಯಾರಿಗೆ ಬರೀ ಕೈ ಕುಲುಕಿದರು ಎಂಬ ಸಣ್ಣ ವಿವರಗಳೇ ಸಾಕು.

ಚಿತ್ರ ಮುಗಿದೊಡನೆ ಎದ್ದು ಹೊರಡಬೇಡ. ಆ ಉತ್ಸವದ ದೊಡ್ಡ ಭಾಗ್ಯವೆಂದರೆ ನಿರ್ದೇಶಕರು, ಕಲಾವಿದರು ಫ್ರಾನ್ಸಿನಿಂದ ಬಂದು ವೇದಿಕೆಯ ಮೇಲೆ ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸುವುದು. ಪಕ್ಕದಲ್ಲಿ ದುಭಾಷಿಗಳಿರುತ್ತಾರೆ, ಆದರೂ ನಿನ್ನ ಪ್ರಶ್ನೆಯನ್ನು ಫ್ರೆಂಚಿನಲ್ಲಿಯೇ ಕೇಳು, 'ವೂ' ಎಂದೇ ಸಂಬೋಧಿಸು. ಪ್ರಶ್ನೆ ಚಿಕ್ಕದಾಗಿರಲಿ, ತೆರೆಯ ಮೇಲೆ ನೀನು ಕಂಡದ್ದರ ಬಗ್ಗೆ ಇರಲಿ. ನೀನು ಆರಿಸಿಕೊಂಡ ಚಿತ್ರಗಳ ಪಟ್ಟಿಯನ್ನು ಈ ವಾರವೇ ನನಗೆ ಕಳುಹಿಸು. ಅವುಗಳಲ್ಲಿ ಯಾವುದಾದರೂ ಇಲ್ಲಿ ನೋಡಲು ಸಿಕ್ಕರೆ ನಾನೂ ನೋಡುತ್ತೇನೆ. ಫೋನಿನಲ್ಲಿ ಇಬ್ಬರೂ ಅದರ ಬಗ್ಗೆ ಮಾತನಾಡಬಹುದು.

ಇಂತಿ,
ನಿನ್ನ ಅಮ್ಮ