ಸಾಲಿನಲ್ಲಿ ನನಗೆಂದು ಬಿಟ್ಟ ಜಾಗ

ಕಳೆದ ಭಾನುವಾರ ಕರಾಟೆಯ ಕಪ್ಪು ಬೆಲ್ಟ್ ಕಟ್ಟಿಕೊಂಡೆ. ವಯಸ್ಸು 47. ಪರೀಕ್ಷೆ ಮುಗಿದ ಮೇಲೆ ಎರಡು ಮಾತು ಹೇಳಬೇಕೆಂದು ಎದ್ದು ನಿಂತರೆ ಗಂಟಲು ಕಟ್ಟಿತು. "ಧನ್ಯವಾದ" ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಇಷ್ಟು ಜನರ ಋಣ ಹೊತ್ತುಕೊಂಡು ಒಂದೇ ಪದದಲ್ಲಿ ಜಾರಿಕೊಂಡದ್ದು ಮನಸ್ಸಿಗೆ ಒಗ್ಗಲಿಲ್ಲ. ಅದಕ್ಕೇ ಈ ಬರಹ.

ಕ್ಲಬ್ಬಿಗೆ ನಾನು ಬಂದದ್ದು ಕರಾಟೆಯ ಮೋಹದಿಂದಲ್ಲ. ಮಗಳನ್ನು ತರಗತಿಗೆ ಬಿಟ್ಟು, ಮುಗಿಯುವವರೆಗೆ ಗೋಡೆಗೊರಗಿ ಮೊಬೈಲ್ ನೋಡುತ್ತ ಕೂರುತ್ತಿದ್ದೆ. ಒಂದು ಸಂಜೆ ಸೆನ್ಸೈ, ಅಂದರೆ ನಮ್ಮ ಗುರುಗಳು, ಬಂದು, "ಹೇಗೂ ಒಂದು ಗಂಟೆ ಇಲ್ಲೇ ಇರುತ್ತೀರಿ, ಸ್ವಲ್ಪ ನಿಂತುಕೊಂಡೇ ಇರಬಾರದೇ?" ಎಂದರು. ಮರುವಾರ ಬಿಳಿ ಬೆಲ್ಟ್ ಕಟ್ಟಿ ಸಾಲಿನ ಕಟ್ಟಕಡೆಗೆ ನಿಂತೆ. ಮಗಳು ನನಗಿಂತ ನಾಲ್ಕು ಜನ ಮೇಲೆ. ಡೋಜೊದಲ್ಲಿ, ಅಂದರೆ ಅಭ್ಯಾಸದ ಹಾಲ್‌ನಲ್ಲಿ, ನಿಲ್ಲುವುದಕ್ಕೆ ವಯಸ್ಸಿನ ಲೆಕ್ಕವಿಲ್ಲ, ಬೆಲ್ಟಿನ ಲೆಕ್ಕ. ಮನೆಯಲ್ಲಿ ಹೋಮ್‌ವರ್ಕ್ ಮಾಡೆಂದು ನಾನು ಗದರಿಸುವ ಹುಡುಗಿ ಅಲ್ಲಿ ನನ್ನ ಮುಷ್ಟಿ ತಿದ್ದುತ್ತಿದ್ದಳು. ಅದನ್ನು ಅವಳು ಎಷ್ಟು ಸುಖಪಟ್ಟಳೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಕಂದು ಬೆಲ್ಟಿನವರೆಗೆ ಎಲ್ಲವೂ ಸಲೀಸಾಗಿ ನಡೆಯಿತು. ಆಮೇಲೆ ಒಂದು ದಿನ ಕುಮಿತೆಯ, ಅಂದರೆ ಎದುರಾಳಿಯೊಡನೆ ಸೆಣಸುವ, ಅಭ್ಯಾಸದಲ್ಲಿ ಸೊಂಟ ತಿರುಗಿತು, ಪಾದ ಮಾತ್ರ ನೆಲಕ್ಕೆ ಅಂಟಿಕೊಂಡೇ ಉಳಿಯಿತು. ಮಂಡಿಯೊಳಗೆ ಟಪ್ ಎಂದಿತು. ಎದುರಿಗಿದ್ದವರ ಕೈ ನನ್ನನ್ನು ಮುಟ್ಟಿಯೇ ಇರಲಿಲ್ಲ. (ಅವರು ಇವತ್ತಿಗೂ ನನ್ನನ್ನು ಕಂಡರೆ ತಪ್ಪಿತಸ್ಥರ ಮುಖ ಮಾಡುತ್ತಾರೆ. ದಯವಿಟ್ಟು ಇನ್ನು ಸಾಕು ಮಾಡಿ.) ಲಿಗಮೆಂಟ್ ಹರಿದಿತ್ತು. ಶಸ್ತ್ರಚಿಕಿತ್ಸೆ, ಊರುಗೋಲು, ಮತ್ತೆ ಡೋಜೊದಲ್ಲಿ ಸರಿಯಾಗಿ ಕಾಲೂರಿ ನಿಲ್ಲಲು 11 ತಿಂಗಳು. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?" ಎಂದವರು ಒಬ್ಬಿಬ್ಬರಲ್ಲ. ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ಮಲಗಿದಾಗ ನನಗೂ ಅದೇ ಅನ್ನಿಸುತ್ತಿತ್ತು.

ಶಸ್ತ್ರಚಿಕಿತ್ಸೆಯಾಗಿ ಐದನೆಯ ವಾರ, ಮಗಳನ್ನು ಕರೆದುಕೊಂಡು ಬರುವ ನೆಪದಲ್ಲಿ ಕ್ಲಬ್ಬಿಗೆ ಹೋದೆ. ಎಲ್ಲರೂ ಸಾಲಾಗಿ ನಿಂತಿದ್ದರು. ಇಬ್ಬರು ಕಂದು ಬೆಲ್ಟಿನವರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ನಾನು ಬಿದ್ದ ಮರುದಿನದಿಂದಲೂ ಹಾಗೇ ಬಿಟ್ಟು ನಿಲ್ಲುತ್ತಿದ್ದರಂತೆ. ಸೆನ್ಸೈ ಮಾತಾಡದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಆ ಜಾಗದಲ್ಲಿಟ್ಟರು. "ಎಣಿಸುವವರು ಬೇಕು, ಕುಳಿತುಕೊಳ್ಳಿ" ಎಂದರು.

ಇಚಿ, ನಿ, ಸಾನ್, ಶಿ: ಜಪಾನಿಯಲ್ಲಿ ಒಂದು, ಎರಡು, ಮೂರು, ನಾಲ್ಕು. ಎಣಿಸುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಿರಲಿಲ್ಲ. ಬೇಗ ಎಣಿಸಿದರೆ ನಿಲುವು ಕುಸಿಯುತ್ತದೆ, ತಡ ಮಾಡಿದರೆ ಚಿಕ್ಕವರು ಕಿಟಕಿಯಾಚೆ ನೋಡುತ್ತಾರೆ. ಏಳನೆಯ ಎಣಿಕೆ 'ಶಿಚಿ' ಅನ್ನುವಷ್ಟರಲ್ಲಿ ಅರ್ಧ ಜನರ ಹಿಕಿತೆ, ಅಂದರೆ ಹಿಂದಕ್ಕೆ ಎಳೆದು ಸೊಂಟಕ್ಕೆ ತರಬೇಕಾದ ಕೈ, ಹೊಟ್ಟೆಯ ಮೇಲೆಲ್ಲೋ ತೇಲುತ್ತಿರುತ್ತದೆ. ಕುರ್ಚಿಯಲ್ಲಿ ಕುಳಿತವಳ ಕಣ್ಣು ನಿಂತವರ ಸೊಂಟದ ಮಟ್ಟಕ್ಕೇ ಇರುತ್ತದೆ. ಗುದ್ದು ಭುಜದಿಂದಲ್ಲ, ಸೊಂಟದಿಂದ ಹೊರಡುತ್ತದೆ ಎಂದು ಸೆನ್ಸೈ ವರ್ಷಗಟ್ಟಲೆ ಹೇಳಿದ್ದನ್ನು ನಾನು ಕಣ್ಣಾರೆ ಕಂಡದ್ದು ಆ ಕುರ್ಚಿಯಲ್ಲಿ.

ಆಮೇಲೆ ಆ ಒಂಬತ್ತು ವರ್ಷದ ನೀಲಿ ಬೆಲ್ಟಿನ ಪುಟ್ಟಿ. ಬಿಡುವಿನಲ್ಲಿ ನನ್ನ ಮುಂದೆ ಬಂದು ನಿಂತು, "ಆಂಟಿ, ಕಾಲು ನನ್ನದು, ಕೈ ನಿಮ್ಮದು" ಎಂದಳು. ಅವಳು ಎರಡೂ ಕೈ ಸೊಂಟಕ್ಕಿಟ್ಟು ಹೆಯಾನ್ ಶೊದಾನ್ ಎಂಬ ಕಟಾದ (ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿಯ) ಹೆಜ್ಜೆಗಳನ್ನಷ್ಟೇ ಇಡುವುದು, ನಾನು ಕುಳಿತಲ್ಲೇ ಕೈಗಳನ್ನಷ್ಟೇ ಮಾಡುವುದು. ಒಟ್ಟು 21 ಚಲನೆ. ಎಡಕ್ಕೆ ತಿರುಗಿ ಕೆಳತಡೆಯಿಂದ ಶುರು. ಒಂಬತ್ತನೆಯದಕ್ಕೂ ಹದಿನೇಳನೆಯದಕ್ಕೂ ಕಿಯಾಯ್ ಎಂಬ ಜೋರು ಕೂಗು, ಅದು ಮಾತ್ರ ಇಬ್ಬರದೂ. ಮೊದಲ ದಿನ ನಾವು ಕೂಗಿದ್ದಕ್ಕೆ ಇಡೀ ಹಾಲ್ ತಿರುಗಿ ನೋಡಿತು. ಮನೆಗೆ ಹೋಗುವ ದಾರಿಯಲ್ಲಿ ನಾನು ಅತ್ತೆ, ಬಹಳ ದಿನಗಳ ಮೇಲೆ ಹಗುರಾಗಿ.

ನಮ್ಮ ಕ್ಲಬ್ಬಿನ ಬಗ್ಗೆ ಆಗಾಗ ಒಂದು ಕೊಂಕು ಕಿವಿಗೆ ಬೀಳುತ್ತದೆ: ಮಕ್ಕಳು, ತಾಯಂದಿರು, ಅಜ್ಜಂದಿರು ಕೂಡಿ ಮಾಡುವುದು ಕರಾಟೆಯೇ? ಜಪಾನಿನ ಒಕಿನಾವಾ ದ್ವೀಪದ ಶಾಲೆಗಳಿಗೆ ಕರಾಟೆಯನ್ನು ತಂದದ್ದು ಕರಾಟೆ ಗುರು ಇತೊಸು ಅಂಕೊ, 20ನೆಯ ಶತಮಾನದ ಆರಂಭದಲ್ಲಿ. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ಕಲಿಸುತ್ತಿದ್ದ ವಿದ್ಯೆಯಿಂದ ಎಳೆಯರಿಗೆ ಒಗ್ಗುವಂಥ ಐದು ಪಿನಾನ್ ಕಟಾಗಳನ್ನು ರೂಪಿಸಿದರು. ಅವರ ಶಿಷ್ಯ ಫುನಾಕೊಶಿ ಗಿಚಿನ್ ಶಾಲಾ ಮಾಸ್ತರರು, ಚಿಕ್ಕಂದಿನಲ್ಲಿ ನಿತ್ಯ ರೋಗಿ. 1922ರಲ್ಲಿ ಟೋಕಿಯೊಗೆ ಹೋಗಿ ಈ ಕಲೆಯನ್ನು ಪ್ರದರ್ಶಿಸಿ ಅಲ್ಲೇ ನೆಲೆ ನಿಂತರು. ಪಿನಾನ್‌ಗಳನ್ನು ಹೆಯಾನ್ ಎಂದು ಕರೆದವರು ಅವರೇ. ನಾನೂ ಪುಟ್ಟಿಯೂ ಪಾಲು ಹಾಕಿಕೊಂಡ ಕಟಾ ಆ ಐದರಲ್ಲೇ ಒಂದು. ಹಾಗಾಗಿ ನಾವು ಕರಾಟೆಗೆ ನೀರು ಬೆರೆಸಿದವರಲ್ಲ. ಕೊಂಕಾಡುವವರು ಒಂದು ಗಂಟೆ ಬಂದು ಕಿಬಾದಾಚಿಯಲ್ಲಿ, ಕುದುರೆ ಸವಾರನಂತೆ ಮಂಡಿ ಬಾಗಿಸಿದ ನಿಲುವಿನಲ್ಲಿ, ಕೂರಲಿ, ಆಮೇಲೆ ಮಾತಾಡೋಣ.

ಇನ್ನುಳಿದವರು. ಆ 11 ತಿಂಗಳು ನನ್ನ ಮಗಳನ್ನು ತಮ್ಮ ಮಕ್ಕಳ ಜೊತೆ ಕರೆತಂದು ಬಿಟ್ಟ ಎರಡು ಮನೆಯವರು. ಊರುಗೋಲು ಜಾರಬಾರದೆಂದು ನಾನು ಬರುವ ಮೊದಲೇ ನೆಲವನ್ನು ಒಣಬಟ್ಟೆಯಲ್ಲಿ ಒರೆಸಿಡುತ್ತಿದ್ದ ನಿವೃತ್ತ ಹಿರಿಯರು. ಅವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಮಕ್ಕಳು ಬಾಯಿಬಿಟ್ಟರು. ಮತ್ತೆ ನನ್ನ ಫಿಸಿಯೊಥೆರಪಿಸ್ಟ್. ಕರಾಟೆ ಬಿಡಿ ಎನ್ನುವ ಬದಲು, "ನಿಮ್ಮ ನಿಲುವು ತೋರಿಸಿ ನೋಡೋಣ" ಎಂದರು. ಮುಂಗಾಲು ಬಾಗಿಸಿ ನಿಲ್ಲುವ ಜೆನ್‌ಕುತ್ಸುದಾಚಿಯಲ್ಲಿ ನನ್ನ ಮುಂಗಾಲಿನ ಮಂಡಿ ಒಳಕ್ಕೆ ವಾಲುತ್ತಿದ್ದುದನ್ನು ಹಿಡಿದವರು ಅವರೇ. ಮಂಡಿ ಪಾದದ ದಿಕ್ಕಿಗೇ ಇರಬೇಕೆಂದು ಸೆನ್ಸೈ ನೂರು ಸಲ ಹೇಳಿದ್ದರು. ಶಿಷ್ಯೆಯ ಕಿವಿ ಅಷ್ಟು ಚುರುಕು.

ಪರೀಕ್ಷೆಯಲ್ಲಿ ಬಸ್ಸಾಯ್ ದಾಯ್ ಎಂಬ ಕಟಾ ಮಾಡಿದೆ. ಒಂದು ತಿರುವಿನಲ್ಲಿ ಮಂಡಿ ನೆನಪಾಗಿ ಅರೆಕ್ಷಣ ತಡೆದೆ. ಪರೀಕ್ಷಕರು ಗಮನಿಸಿದರು, ಬರೆದುಕೊಂಡರು, ಆದರೂ ಪಾಸು ಮಾಡಿದರು. ಕಪ್ಪು ಬೆಲ್ಟಿನ ಮೊದಲ ದರ್ಜೆಯ ಹೆಸರು ಶೊದಾನ್, ಅದರಲ್ಲಿ 'ಶೊ' ಎಂದರೆ ಆರಂಭ ಎಂದು ಸೆನ್ಸೈ ಬೆಲ್ಟ್ ಕೊಡುವಾಗ ನೆನಪಿಸಿದರು, ಎಲ್ಲಿ ನಾನು ಹಿಗ್ಗಿಬಿಡುತ್ತೇನೋ ಎಂಬಂತೆ.

ಸೆನ್ಸೈ, ಆ ಕುರ್ಚಿಗಾಗಿ ನಿಮಗೆ ತಲೆಬಾಗುತ್ತೇನೆ. ಅದೀಗ ಕೈ ಮುರಿದುಕೊಂಡ ಕಿತ್ತಳೆ ಬೆಲ್ಟಿನ ಹುಡುಗನ ಪಾಲಾಗಿದೆ. ತುಂಬಾ ಬೇಗ ಎಣಿಸುತ್ತಾನೆ. ದಯವಿಟ್ಟು ಯಾರಾದರೂ ಅವನಿಗೆ ಹೇಳಿ.